ಸ್ಪ್ರಿಂಗ್ ಹ್ಯಾಂಗರಿನ ಹಠಮಾರಿ ರಿವೆಟ್

ಕಡೆಗೂ ಬಂತು ಮಾರಾಯರೇ. ನನ್ನ ಹಳೇ ಜೀಪಿನ ಹಿಂದಿನ ಎಡಗಡೆ ಸ್ಪ್ರಿಂಗ್ ಹ್ಯಾಂಗರಿನ, ಅಂದರೆ ಕಮಾನು ಪಟ್ಟಿಯನ್ನು ಚಾಸಿಗೆ (ಗಾಡಿಯ ಅಡಿಯ ಚೌಕಟ್ಟಿಗೆ) ಹಿಡಿದಿಡುವ ಬ್ರಾಕೆಟ್ಟಿನ, ಒಳಮೂಲೆಯ ರಿವೆಟ್. ಈಗ ಬೆಂಚಿನ ಮೇಲೆ ಬಿದ್ದಿದೆ. ನಡು ಮುರಿದ ಹಾಗೆ ಸೊಟ್ಟ, ಮೈಯೆಲ್ಲ ಕಪ್ಪು.

ಬಾಡಿ ಇಳಿಸಿದ್ದು, ಎಂಜಿನ್ ಎತ್ತಿದ್ದು ಬರೆಯಲ್ಲ. ಹಳೇ ಮಹೀಂದ್ರ ಸಿಜೆ-3ಬಿ ಜೀಪ್ ಬಿಚ್ಚಿದವರಿಗೆ ಅದೆಲ್ಲ ಗೊತ್ತಿರೋದೇ. ಉಳಿದ ರಿವೆಟ್‌ಗಳೂ ಮರ್ಯಾದಸ್ಥರೇ. ಗ್ರೈಂಡರಿನಲ್ಲಿ ತಲೆ ಸವರಿ, ಪಂಚ್ ಇಟ್ಟು ದೊಡ್ಡ ಸುತ್ತಿಗೆಯಲ್ಲಿ ಬಾರಿಸಿದರೆ ಟಣ್ ಅಂತ ಬಿದ್ದವು. ಇದೊಂದು ಮಾತ್ರ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ.

ಕಾರಣ ಇದೆ. ಯಾವುದೋ ಕಾಲದಲ್ಲಿ ಯಾರೋ ಪುಣ್ಯಾತ್ಮರು ಬಲಕ್ಕೆ ಇರಲಿ ಅಂತ ಚಾಸಿಗೂ ಹ್ಯಾಂಗರಿಗೂ ನಡುವೆ ಒಂದು ಪಟ್ಟಿ ಸೇರಿಸಿದ್ದಾರೆ. ಮೂರು ಪದರದ ತೂತುಗಳು ಒಂದೇ ನೇರಕ್ಕಿಲ್ಲ. ಕೆಂಪಗೆ ಕಾಯಿಸಿದ ರಿವೆಟ್‌ಗೆ ಅದರ ಚಿಂತೆ ಇಲ್ಲ, ಹೊಡೆದ ಹಾಗೆ ಉಬ್ಬಿ ಎಲ್ಲ ಸಂದಿನಲ್ಲೂ ತುಂಬಿಕೊಳ್ಳುತ್ತದೆ. ಒಳಗೆ ಮೆಟ್ಟಿಲಿನ ಆಕಾರ. ಮೇಲೆ ತುಕ್ಕು ಬೇರೆ ಬಿಗಿದಿದೆ. ಇನ್ನು ತಲೆ ತೆಗೆದರೆ ಏನು ಬಂತು? ಅದು ಹಿಡಿದಿರೋದು ಹೊಟ್ಟೆಯಲ್ಲಿ.

ಡ್ರಿಲ್ ಮಾಡೋಣ ಅಂದರೆ ಮಧ್ಯ ಎಲ್ಲಿದೆ ಗೊತ್ತಾಗಬೇಕಲ್ವಾ? ತಲೆಯ ಮಧ್ಯವೇ ಕಡ್ಡಿಯ ಮಧ್ಯ ಅಂತ ನಂಬಬೇಡಿ. ಇದರ ತಲೆ ಒಂದು ಕಡೆ ವಾಲಿಕೊಂಡಿತ್ತು. ತಲೆಯನ್ನು ಸಮ ಮಾಡಿ, ಮರಳು ಕಾಗದದಲ್ಲಿ ಉಜ್ಜಿ, ಸೀಮೆಎಣ್ಣೆ ಹಚ್ಚಿ ಬಿಟ್ಟೆ. ಆಮೇಲೆ ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಸವರಿದೆ. ಸಂದಿನಲ್ಲಿ ಕೂತಿದ್ದ ಎಣ್ಣೆ ನಿಧಾನಕ್ಕೆ ಜಿನುಗಿತು. ಬಿಳಿ ಪುಡಿಯ ಮೇಲೆ ಸಣ್ಣ ಒದ್ದೆ ಉಂಗುರ. ಅದರ ನಟ್ಟನಡುವೆ ಸೆಂಟರ್ ಪಂಚ್.

ರಿವೆಟ್ 3/8 ಇಂಚಿನದು, ಅಂದರೆ 9.5 ಮಿ.ಮೀ. ಮೊದಲು 3 ಮಿ.ಮೀ. ಬಿಟ್, ಆಮೇಲೆ 6, ಕೊನೆಗೆ 8. ಅಲ್ಲಿಗೆ ನಿಲ್ಲಿಸಬೇಕು. ಪೂರ್ತಿ ಅಳತೆಗೆ ಕೊರೆದರೆ ಚಾಸಿಯ ತೂತೇ ಹಾಳು. ಸ್ಪೀಡ್ ಕಡಿಮೆ, ಎಣ್ಣೆ ಜಾಸ್ತಿ. ಇಲ್ಲಿನ ಅಂಗಡಿಯೊಂದರಲ್ಲಿ 'ಕೋಬಾಲ್ಟ್' ಅಂತ ಕೊಟ್ಟ ಬಿಟ್ ಮೊದಲ ಪದರದಲ್ಲೇ ಕಾದು ನೀಲಿ ತಿರುಗಿ ಮೊಂಡಾಗಿ ಕೂತಿತು. ಬಾಕ್ಸಿನ ಮೇಲಿನ ಬಣ್ಣ ಮಾತ್ರ ಚೆನ್ನಾಗಿತ್ತು.

ಈಗ ಒಳಗೆ ಉಳಿದಿದ್ದು ತೆಳ್ಳನೆಯ ಕೊಳವೆ. ಅದೂ ಬರಲಿಲ್ಲ! ಸುತ್ತಿಗೆ ಏಟಿಗೆ ಚಾಸಿಯೇ ಕುಣಿಯಿತು ಬಿಟ್ಟರೆ ಬೇರೇನೂ ಆಗಲಿಲ್ಲ. ಕೆಲಸ ಆಗಿದ್ದು ಬೆಂಕಿಯಿಂದ. ಗ್ಯಾಸ್ ಟಾರ್ಚಿನ ಸಣ್ಣ ನಾಝಲ್ ಹಾಕಿ, ಆ ಕೊಳವೆಯನ್ನಷ್ಟೇ ಬೇಗ ಕೆಂಪಗೆ ಮಾಡಿ, ತಣಿಯಲು ಬಿಟ್ಟೆವು. ಬಿಸಿಯಾದಾಗ ಅದು ಹಿಗ್ಗಬೇಕು, ಆದರೆ ಸುತ್ತಲಿನ ತಣ್ಣನೆಯ ಪ್ಲೇಟು ಬಿಡಲ್ಲ. ಹಾಗಾಗಿ ತನ್ನೊಳಗೇ ಕುಗ್ಗುತ್ತದೆ. ತಣ್ಣಗಾದಾಗ ಮೊದಲಿಗಿಂತ ಸಣ್ಣ. ಎಷ್ಟು ಸಣ್ಣ? 700 ಡಿಗ್ರಿ ಏರಿಕೆಗೆ ಲೆಕ್ಕ ಹಾಕಿದರೆ ಹೆಚ್ಚೆಂದರೆ 0.08 ಮಿ.ಮೀ. ತುಕ್ಕಿನ ಹಿಡಿತ ಬಿಡಿಸೋಕೆ ಅಷ್ಟು ಸಾಕು. ಹಿಂದುಗಡೆ ತೂತಿರುವ ಭಾರದ ಕಬ್ಬಿಣದ ತುಂಡು ಒತ್ತಿ ಹಿಡಿದು, ಪಂಚಿಗೆ ಏಟು ಕೊಟ್ಟರೆ ಕೊಳವೆ ಕರ್ರ್ ಅಂತ ಜರುಗಿತು. ಟಾರ್ಚ್ ಹಿಡಿದಿದ್ದ ಹುಡುಗ "ಅಣ್ಣಾ, ಬಂತ್ ನೋಡ್ರೀ" ಅಂತ ಕೂಗಿದ್ದು ಓಣಿಗೆಲ್ಲ ಕೇಳಿಸಿರಬೇಕು.

ಒಂದು ಎಚ್ಚರಿಕೆ. ಇದು ಸಾದಾ ಮೈಲ್ಡ್ ಸ್ಟೀಲ್ ಚಾಸಿ, ನಡೆಯಿತು. ಹೀಟ್ ಟ್ರೀಟ್ ಆದ (ಕಾಯಿಸಿ ತಣಿಸಿ ಬಲ ಹೆಚ್ಚಿಸಿದ) ಹೊಸ ಲಾರಿ ಚಾಸಿಗೆ ಬೆಂಕಿ ತೋರಿಸಬೇಡಿ.

ಇನ್ನು ಹೊಸ ರಿವೆಟ್ ಹುಡುಕಾಟ. ಸಂಡೂರಿನಲ್ಲಿ ಅದಿರು, ತೋರಣಗಲ್ಲಿನಲ್ಲಿ ಉಕ್ಕು, ನಡುವೆ ನನಗೊಂದು ಹಿಡಿ ಗುಂಡುತಲೆ ರಿವೆಟ್ ಇಲ್ಲ. ಬಳ್ಳಾರಿಯಲ್ಲಿ ರಿವೆಟ್ ಕೇಳಿದರೆ ಮುಂದಿಡೋದು ಜೀನ್ಸ್ ಪ್ಯಾಂಟಿನ ಜೇಬಿಗೆ ಹಾಕೋದು. ಹಿತ್ತಾಳೆ, ತಾಮ್ರ, ಯಾವ ಬಣ್ಣ ಬೇಕಾದರೂ ಇದೆ! ಪ್ಯಾಂಟಿನ ರಿವೆಟ್‌ಗೆ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿದ್ದು 1873ರಲ್ಲಿ. ಅದರ ಫಲ ನಾನು ಈಗ ಉಣ್ಣುತ್ತಿದ್ದೇನೆ. ಇನ್ನೊಬ್ಬರು ತೆಳು ತಗಡಿಗೆ ಹಾಕುವ ಅಲ್ಯೂಮಿನಿಯಂ ಪಾಪ್ ರಿವೆಟ್ ಕೊಟ್ಟು "ಇದೂ ಅದೇ ಸರ್" ಅಂದರು. ಕಮಾನು ಪಟ್ಟಿಯ ಭಾರ ಅದರ ಮೇಲೆ!

ಬೋಲ್ಟ್ ಹಾಕಿ ಅನ್ನುವವರಿದ್ದಾರೆ. ತಪ್ಪೇನಿಲ್ಲ, ಆದರೆ ಸುಮ್ನೆ ಸಡಿಲ ತೂತಿಗೆ ಬೋಲ್ಟ್ ತುರುಕಿದರೆ ಸ್ವಲ್ಪ ದಿನಕ್ಕೆ ಅಲ್ಲಾಡೋಕೆ ಶುರು. ರಿವೆಟ್ ತೂತನ್ನು ತುಂಬುತ್ತದೆ, ಬೋಲ್ಟ್ ತುಂಬಲ್ಲ. ರೀಮರ್ (ತೂತನ್ನು ಅಳತೆಗೆ ನಯ ಮಾಡುವ ಉಪಕರಣ) ಹೊಡೆದು, ಅಳತೆಗೆ ಕೂರುವ, ಬಲವಾದ 8.8 ಗ್ರೇಡಿನ ಬೋಲ್ಟ್ ಹಾಕಬೇಕು. ಈ ಮೂಲೆಗೆ ನಾನು ಅದನ್ನೇ ಮಾಡ್ತೀನಿ. ಕಣ್ಣಿಗೆ ಕಾಣುವ ಕಡೆ ಮಾತ್ರ ಬಿಸಿ ರಿವೆಟ್ಟೇ ಬೇಕು. ಪದರಗಳ ಒಟ್ಟು ದಪ್ಪಕ್ಕೆ ವ್ಯಾಸದ ಒಂದೂವರೆ ಪಟ್ಟು ಸೇರಿಸಿದರೆ ಉದ್ದ ಸಿಗುತ್ತದೆ.

ಅಂದಹಾಗೆ ಕುರುಗೋಡಿನ ಕಡೆ ಒಂದು ಹಳೇ ಯೆಜ್ಡಿ ಬೈಕ್ ನೋಡಿ ಬಂದಿದ್ದೇನೆ. ಮೈಸೂರಿನ ಗಾಡಿ, ಕಿಕ್ ಹೊಡೆಯುವ ಲಿವರಿನಲ್ಲೇ ಗೇರ್. ಎರಡು ಸೈಲೆನ್ಸರೂ ಇವೆ, ಒಂದರಲ್ಲಿ ಇಲಿ ಸಂಸಾರ. ಜೀಪ್ ನಾಲ್ಕು ಚಕ್ರದ ಮೇಲೆ ನಿಲ್ಲುವವರೆಗೆ ಅದರ ಸುದ್ದಿ ಮನೆಯಲ್ಲಿ ಎತ್ತುವ ಹಾಗಿಲ್ಲ.

ಬಲಗಡೆ ಹ್ಯಾಂಗರಿಗೂ ಅದೇ ಪಟ್ಟಿ ಇದೆ. ಆಕ್ಸಿಜನ್ ಖಾಲಿ. ಸಿಲಿಂಡರಿನವರು ಸೋಮವಾರ ಕಳಿಸ್ತೀನಿ ಅಂದಿದ್ದಾರೆ. ಯಾವ ಸೋಮವಾರ ಅಂತ ಹೇಳಿಲ್ಲ.