ಎಡದಿಂದ ಬಲಕ್ಕೆ

ಇವತ್ತು ಶಾಲೆಯ ವಾರ್ಷಿಕ ಸಂಚಿಕೆಗೆ ಮಕ್ಕಳಿಗೆ ಕೆಲಸ ಹಂಚಿದೆ.

ಫೋಟೋ ಯಾರು ತೆಗೀತೀರಿ ಅಂದರೆ ಹನ್ನೊಂದು ಕೈ ಮೇಲೆದ್ದವು. ಸಂಪಾದಕರು ಯಾರು ಅಂದರೆ ಒಂಬತ್ತು. ಮುಖಪುಟದ ಮಾತೇ ಬೇಡ, ಚಿತ್ರದುರ್ಗದಲ್ಲಿ ಕೋಟೆ ಬಿಟ್ಟು ಬೇರೆ ಹೇಳಿದರೆ ಕೇಳುತ್ತಾರಾ? ಪುಟದ ಲೆಕ್ಕಕ್ಕೆ ಒಬ್ಬ ಹುಡುಗ ಒಪ್ಪಿದ. ನಡುವೆ ಪಿನ್ ಹೊಡೆಯುವ ಪುಸ್ತಕ, ಪುಟ ನಾಲ್ಕರ ಮಗ್ಗಿಯಲ್ಲೇ ಬರಬೇಕು. 46 ಆಗಲ್ಲ. 44, ಇಲ್ಲಾ 48.

ಕೊನೆಗೆ ಉಳಿದಿದ್ದು ಗ್ರೂಪ್ ಫೋಟೋ ಕೆಳಗೆ ಹೆಸರು ಬರೆಯೋ ಕೆಲಸ. "ನಿಂತವರು, ಎಡದಿಂದ ಬಲಕ್ಕೆ..." ಅಂತ ಬರುತ್ತಲ್ಲ, ಅದು. ಒಂದು ಕೈಯೂ ಇಲ್ಲ. ಎಲ್ಲರೂ ಬೆಂಚು ನೋಡುತ್ತಾ ಕೂತರು.

ಹಿಂದಿನ ಬೆಂಚಿನವಳೊಬ್ಬಳು, ವರ್ಷಪೂರ್ತಿ ಅವಳ ದನಿ ಕೇಳಿದ್ದೇ ಕಡಿಮೆ, "ನಾನು ಮಾಡ್ತೀನಿ ಮಿಸ್" ಅಂದಳು. ಆಮೇಲೆ ಮೆಲ್ಲಗೆ, "ಇನಿಷಿಯಲ್ ಮುಂದೆ ಹಾಕ್ಲಾ, ಹಿಂದೆ ಹಾಕ್ಲಾ?"

ಸುಮ್ನೆ ಕೇಳಿದ್ದಲ್ಲ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ಸೀಮೆ ಇದು. ಒಂದೇ ಕ್ಲಾಸಲ್ಲಿ ಮೂವರು ತಿಪ್ಪೇಸ್ವಾಮಿಗಳು. ಇನಿಷಿಯಲ್ ತಪ್ಪಿದರೆ ಯಾರ ಮುಖಕ್ಕೆ ಯಾರ ಹೆಸರೋ.

ನನ್ನ ಹತ್ತನೇ ಕ್ಲಾಸಿನ ಫೋಟೋದಲ್ಲಿ ನನ್ನ ಜಾಗಕ್ಕೆ ಪಕ್ಕದವಳ ಹೆಸರಿದೆ. ಮನೆಗೆ ಬಂದವರಿಗೆ ಅದನ್ನು ತೋರಿಸುವಾಗ ಅಮ್ಮ ಇವತ್ತಿಗೂ ಆ ಸಾಲಿನ ಮೇಲೆ ಹೆಬ್ಬೆರಳು ಇಟ್ಟುಕೊಳ್ಳುತ್ತಾಳೆ.

ಸಂಜೆ ಹೊರಡುವಾಗ ನೋಡಿದೆ. ಆ ಹುಡುಗಿ ನೋಟ್‌ಬುಕ್ ಹಿಡಿದು, ಮೂರೂ ತಿಪ್ಪೇಸ್ವಾಮಿಗಳನ್ನು ಗೋಡೆಗೆ ಸಾಲಾಗಿ ನಿಲ್ಲಿಸಿದ್ದಳು. ಎಡದಿಂದ ಬಲಕ್ಕೆ.