ಉತಮಾರೊನ ಹೆಣ್ಮಕ್ಕಳು, ಅವರ ಕಿಮೋನೊ

ಕೊಪ್ಪಳದಾಗ ಸೀರಿ ಅಂಗಡಿಗೆ ಹೋದ್ರ ಇಳಕಲ್ ಸೆರಗು ನೋಡ್ಕೋಂತ ತಾಸುಗಟ್ಲೆ ಕೂಡಾಕಿ ನಾನು, ಅದಕ್ಕ ಜಪಾನಿನ ಚಿತ್ರಗಾರ ಕಿತಗಾವ ಉತಮಾರೊ ಬರದ, ಕಿಮೋನೊ (ಅಲ್ಲಿಯ ಉದ್ದನ ಉಡುಪು) ಉಟ್ಟ ಹೆಣ್ಮಕ್ಕಳ ಕಟ್ಟಿಗಿ ಅಚ್ಚಿನ ಪ್ರಿಂಟುಗಳು ಇಷ್ಟು ಹಿಡಿಸ್ಯಾವ ಅನಸ್ತೈತಿ. 1793ರ ಸುಮಾರಿನ ಒಂದು ಚಿತ್ರದಾಗ ಎದೋ ಅನ್ನೋ ಊರಿನ (ಈಗಿನ ಟೋಕಿಯೊ) ಮೂರು ಮಂದಿ ಫೇಮಸ್ ಚೆಲುವೆಯರು ಅದಾರ, ಅದ್ರಾಗ ಒಬ್ಬಾಕಿ ಒಕಿತಾ ಅಂತ, ಚಾದಂಗಡ್ಯಾಗ ಕೆಲಸ ಮಾಡಾಕಿ! ರಾಣಿ ಅಲ್ಲ, ದೇವಿ ಅಲ್ಲ. ಮುಖ ಮೊದಲು ಒಂದೇ ಥರ ಕಾಣ್ತಾವ, ನಿಧಾನಕ್ಕ ನೋಡಿದ್ರ ಮೂಗು ಹುಬ್ಬು ಎಲ್ಲಾ ಬ್ಯಾರೆ ಬ್ಯಾರೆ.

ಹಣಿ ಮ್ಯಾಲಿನ ಒಂದೊಂದು ಕೂದಲೆಳಿನೂ ಚೆರಿ ಮರದ ಹಲಗಿಯೊಳಗ ಕೆತ್ತಬೇಕು, ಬಣ್ಣಬಣ್ಣಕ್ಕ ಬ್ಯಾರೆ ಹಲಗಿ. ಉತಮಾರೊ ಚಿತ್ರ ಬರದಾಂವ ಅಷ್ಟ, ಕೆತ್ತಾಂವ ಬ್ಯಾರೆ, ಅಚ್ಚು ಒತ್ತಾಂವ ಬ್ಯಾರೆ, ಅವರ ಹೆಸರು ಹೆಚ್ಚಾಗಿ ಹಾಳಿ ಮ್ಯಾಲೆ ಇರಂಗಿಲ್ಲ, ನಮ್ಮ ಕಿನ್ನಾಳದ ಗೊಂಬಿ ಮಾಡೋರ ಹೆಸರರ ಎಷ್ಟು ಮಂದಿಗೆ ಗೊತ್ತೈತಿ ಹೇಳ್ರಿ, ಇದೊಂದು ನನಗ ಭಾಳ ಬ್ಯಾಸರ.