ಕೆಶೀನಾದ ಕಾಡು, ವನಾಡ್ಜೋರ್‌ನ ನೆಲ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿಯಿಂದ ಉತ್ತರಕ್ಕೆ ಎರಡೂವರೆ ಗಂಟೆ ಹತ್ತಿರ ಕಾರು ಓಡಿಸಿದರೆ ಶಾನೋ ಅಂತ ಒಂದು ಸಣ್ಣ ಪೇಟೆ ಸಿಗುತ್ತದೆ. ಅಲ್ಲಿಯವರೆಗೂ ರಸ್ತೆಯ ಎರಡೂ ಕಡೆ ಕಟಾವಾದ ಜೋಳದ ಹೊಲ, ಹಸುಗಳ ದೊಡ್ಡ ದೊಡ್ಡ ಕೊಟ್ಟಿಗೆ. ಪೇಟೆ ದಾಟಿ ಸ್ವಲ್ಪ ಮುಂದೆ ಹೋಗುವಷ್ಟರಲ್ಲಿ ಹೊಲ ಮುಗಿದೇಹೋಯಿತು. ಸ್ಲೇಟಿನ ಮೇಲೆ ಗೆರೆ ಎಳೆದ ಹಾಗೆ. ಗೆರೆಯ ಆಚೆ ಬರೀ ಕಾಡು. ಪೈನ್, ಹೆಮ್ಲಾಕ್, ಆಗಷ್ಟೇ ಕೆಂಪಾಗುತ್ತಿದ್ದ ಮೇಪಲ್. ಕಾರಿನೊಳಗೆ ಬೆಳಕೇ ಕಡಿಮೆಯಾಯಿತು.

"ಅಕ್ಕ, ಇಲ್ಲಿಂದ ಮೆನಾಮಿನಿಗಳ ನೆಲ," ಎಂದ ತಮ್ಮ. ಅವನು ಮಿಲ್ವಾಕಿಯಲ್ಲಿ ನೆಲೆಸಿ ಹತ್ತು ವರ್ಷವಾಯಿತು. ಅವನೂ ಆ ಕಡೆ ಬಂದಿದ್ದು ಅದೇ ಮೊದಲು. ನಾನೇ ಹಟ ಹಿಡಿದು ಕರೆದುಕೊಂಡು ಬಂದಿದ್ದೆ. ಅದಕ್ಕೆ ಕಾರಣ ಇದೆ. ನಮ್ಮ ಅಪ್ಪ ಸಾಗರದ ಒಂದು ಸಾಮಿಲ್‌ನಲ್ಲಿ ಲೆಕ್ಕ ಬರೆಯುತ್ತಿದ್ದರು. ಮರದ ಹೊಟ್ಟಿನ ವಾಸನೆಯಲ್ಲೇ ಬೆಳೆದವಳು ನಾನು. ನೂರೈವತ್ತು ವರ್ಷಕ್ಕೂ ಜಾಸ್ತಿ ಕಾಲದಿಂದ ನಾಟಾ ಕಡಿದು ಮಾರುತ್ತಾ ಬಂದು, ಇವತ್ತು ಮೊದಲಿಗಿಂತ ಜಾಸ್ತಿ ಮರ ನಿಂತಿರುವ ಕಾಡು ಇಟ್ಟುಕೊಂಡಿರುವ ಜನ ಒಬ್ಬರಿದ್ದಾರೆ ಅಂತ ಎಲ್ಲೋ ಓದಿದ್ದೆ. ಅದನ್ನು ಕಣ್ಣಾರೆ ನೋಡಬೇಕಿತ್ತು.

ಮೆನಾಮಿನಿಗಳು ಅಮೆರಿಕದ ಒಂದು ಮೂಲನಿವಾಸಿ ಬುಡಕಟ್ಟು. ಮೆನಾಮಿನಿ ಅಂದರೆ ಕಾಡಕ್ಕಿಯ ಜನ. ನೆರೆಯ ಓಜಿಬ್ವೆ ಬುಡಕಟ್ಟಿನವರು ಕೊಟ್ಟ ಹೆಸರು. ಕೆರೆಯ ನೀರಿನಲ್ಲಿ ತಾನಾಗಿ ಬೆಳೆಯುವ ಕಪ್ಪು ಅಕ್ಕಿ ಅದು. ದೋಣಿಯಲ್ಲಿ ಕೂತು ತೆನೆ ಬಗ್ಗಿಸಿ, ಕೋಲಿನಿಂದ ಮೆಲ್ಲಗೆ ಬಡಿದು ಕಾಳು ಉದುರಿಸಿಕೊಳ್ಳುತ್ತಾರೆ. ಒಂದು ಕಾಲಕ್ಕೆ ಸುಮಾರು ಒಂದು ಕೋಟಿ ಎಕರೆ ಅವರದಾಗಿತ್ತು. ಒಪ್ಪಂದದ ಮೇಲೆ ಒಪ್ಪಂದ ಆಗಿ, 1854ರಲ್ಲಿ ವುಲ್ಫ್ ನದಿಯ ದಂಡೆಯ ಈ ತುಂಡಿಗೆ ಬಂದು ನಿಂತರು. ಈಗ ಇರುವುದು 2 ಲಕ್ಷ 35 ಸಾವಿರ ಎಕರೆ. ಅದರಲ್ಲಿ ಹೆಚ್ಚಿನದೆಲ್ಲ ಕಾಡೇ.

ಹೊರಗಿನವರು ಸುಮ್ನೆ ಕಾಡಿಗೆ ನುಗ್ಗುವ ಹಾಗಿಲ್ಲ. ಮೊದಲೇ ಬರೆದು ಕೇಳಿಕೊಂಡಿದ್ದರಿಂದ ಒಬ್ಬ ಫಾರೆಸ್ಟರ್ ನಮ್ಮ ಜೊತೆ ಬಂದರು. ಐವತ್ತರ ಆಸುಪಾಸಿನ ಗಂಡಸು, ಮಾತು ಕಡಿಮೆ. ಒಂದು ಕಡೆ ಗಾಡಿ ನಿಲ್ಲಿಸಿ ಮೇಪಲ್ ಮರವೊಂದರ ಎದುರು ನಿಂತರು. ಎದೆಯ ಮಟ್ಟಕ್ಕೆ ಬಣ್ಣದ ಒಂದು ಪಟ್ಟೆ. ಬುಡದಲ್ಲಿ, ಮಣ್ಣಿಗೆ ತಾಗುವ ಹಾಗೆ, ಇನ್ನೊಂದು ಮಚ್ಚೆ. ಎರಡು ಯಾಕೆ ಅಂತ ಕೇಳಿದೆ. "ಮೇಲಿನದು ಕಡಿಯುವವನಿಗೆ. ಕೆಳಗಿನದು ಆಮೇಲೆ ಬರುವವನಿಗೆ," ಎಂದರು. ಮರ ಲಾರಿ ಹತ್ತಿ ಹೋದ ಮೇಲೂ ಬುಡದ ಮಚ್ಚೆ ಉಳಿಯುತ್ತದೆ. ಗುರುತು ಹಾಕಿದ ಮರವನ್ನೇ ಕಡಿದಿದ್ದಾರಾ, ಪಕ್ಕದ್ದನ್ನೂ ಸೇರಿಸಿ ಎತ್ತಿಕೊಂಡು ಹೋದರಾ ಅಂತ ಯಾರು ಬೇಕಾದರೂ ಬಂದು ನೋಡಬಹುದು. ಹತ್ತು ಹೆಜ್ಜೆ ಆಚೆ ಅಂಥ ಒಂದು ಬುಡ ಇತ್ತು. ಕೂತು ಕೈಯಾಡಿಸಿದೆ. ಬಣ್ಣ ಸ್ವಲ್ಪ ಮಾಸಿತ್ತು, ಪಕ್ಕದಲ್ಲಿ ಬೆರಳುದ್ದದ ಮೇಪಲ್ ಸಸಿಗಳು ಎದ್ದಿದ್ದವು. ಒಂದು ಫೋಟೋ ತೆಗೆದುಕೊಂಡೆ.

ಸೂರ್ಯ ಹುಟ್ಟುವ ಕಡೆಯಿಂದ ಮುಳುಗುವ ಕಡೆಗೆ ಕಡಿಯುತ್ತಾ ಹೋಗಿ, ಬಲಿತ ಮರ, ರೋಗದ ಮರ, ಬಿದ್ದ ಮರ ಇಷ್ಟನ್ನೇ ತೆಗೆಯಿರಿ, ಕೊನೆ ಮುಟ್ಟಿದ ಮೇಲೆ ತಿರುಗಿ ಬನ್ನಿ. ಮುಖಂಡ ಓಶ್‌ಕೋಶ್ ಹೇಳಿದ್ದು ಅಂತ ಇಲ್ಲಿ ಎಲ್ಲರೂ ಹೇಳುವ ಮಾತು ಇದು. ಇವರು ಇಲ್ಲಿಯವರೆಗೆ ಕಡಿದಿರುವುದು 200 ಕೋಟಿ ಬೋರ್ಡ್ ಅಡಿಗೂ ಜಾಸ್ತಿ. ಒಂದು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಂಗುಲ ದಪ್ಪದ ಹಲಗೆಗೆ ಒಂದು ಬೋರ್ಡ್ ಅಡಿ. ಅಪ್ಪನ ಲೆಕ್ಕದ ಪುಸ್ತಕದ ಒಂದು ಘನ ಅಡಿಗೆ ಇಂಥವು ಹನ್ನೆರಡು. 1854ರಲ್ಲಿ ನಿಂತಿದ್ದ ನಾಟಾಕ್ಕಿಂತ ಇವತ್ತು ನಿಂತಿರುವುದೇ ಜಾಸ್ತಿ. ನಿಯೋಪಿಟ್ ಎಂಬ ಹಳ್ಳಿಯಲ್ಲಿ ಅವರದೇ ಸಾಮಿಲ್ ಇದೆ, 1908ರ ಹೊತ್ತಿಗೆ ಶುರುವಾದದ್ದು. ಅದರ ಅಂಗಳದಲ್ಲಿ ದಿಮ್ಮಿಗಳ ರಾಶಿ ನೋಡಿದಾಗ ನನಗೆ ಗಂಟಲು ಕಟ್ಟಿತು. ಅಪ್ಪ ಇದ್ದಿದ್ದರೆ ಅಲ್ಲಿಂದ ಏಳುತ್ತಲೇ ಇರಲಿಲ್ಲ.

ಇಷ್ಟೆಲ್ಲ ಇದ್ದೂ ಇವರು ಬಡವರು. ಮೆನಾಮಿನಿ ಕೌಂಟಿ ವಿಸ್ಕಾನ್ಸಿನ್‌ನ ತೀರಾ ಬಡ ಕೌಂಟಿಗಳಲ್ಲಿ ಒಂದು. ಆರೋಗ್ಯದ ಪಟ್ಟಿಯಲ್ಲಿ ವರ್ಷ ವರ್ಷವೂ ಕೊನೆ ಸ್ಥಾನದಲ್ಲಿರುತ್ತಿತ್ತು. ಅಲ್ಲಿನ ಮುಖ್ಯ ಊರು ಕೆಶೀನಾದಲ್ಲಿ ಊಟಕ್ಕೆ ಕೂತಾಗ ಕಾಡಕ್ಕಿಯ ಸೂಪು ತಂದುಕೊಟ್ಟ ಹೆಂಗಸು, ತನ್ನ ಮನೆಯಲ್ಲಿ ಮೂವರಿಗೆ ಸಕ್ಕರೆ ಕಾಯಿಲೆ ಅಂದರು. ಮಗ ಮಿಲ್ವಾಕಿಗೆ ಹೋಗಿದ್ದಾನೆ, ಇಲ್ಲಿ ಕ್ಯಾಸಿನೋ ಬಿಟ್ಟರೆ ಕೆಲಸ ಎಲ್ಲಿದೆ ಅಂದರು. ಕಾಡು ಇದ್ದೂ ಯಾಕೆ ಹೀಗೆ ಅಂತ ಕೇಳಲು ನನಗೆ ಸಂಕೋಚ. ಅವರೇ ಹೇಳಿದರು: "ನಡುವೆ ಹನ್ನೆರಡು ವರ್ಷ ನಾವು ಇರಲೇ ಇಲ್ಲ."

ಆ ಹನ್ನೆರಡು ವರ್ಷದ ಕತೆ ಹೀಗಿದೆ. ಸರ್ಕಾರ ತಮ್ಮ ಕಾಡನ್ನು ಕೆಟ್ಟದಾಗಿ ನೋಡಿಕೊಂಡಿತು ಅಂತ ಮೆನಾಮಿನಿಗಳು ಕೇಸು ಹಾಕಿ 1951ರಲ್ಲಿ 85 ಲಕ್ಷ ಡಾಲರ್ ಗೆದ್ದರು. ಅದರಲ್ಲಿ ತಲೆಗೆ 1,500 ಡಾಲರ್ ಹಂಚಿಕೊಳ್ಳಲು ಅನುಮತಿ ಕೇಳಿದರು. ವಾಟ್ಕಿನ್ಸ್ ಎಂಬ ಸೆನೆಟರ್ ಷರತ್ತು ಹಾಕಿದ: ಹಣ ಬೇಕಾದರೆ ಬುಡಕಟ್ಟು ಎಂಬ ಮಾನ್ಯತೆ ಬಿಡಬೇಕು. ಅದಕ್ಕೆ ಅವನು ಕೊಟ್ಟ ಹೆಸರು ಸ್ವಾತಂತ್ರ್ಯ. 1954ರಲ್ಲಿ ಕಾನೂನು ಆಯಿತು, 1961ರಲ್ಲಿ ಜಾರಿಗೆ ಬಂತು. ಬುಡಕಟ್ಟು ಹೋಗಿ ಕಂಪನಿ ಬಂತು. ಕಾಡು, ಸಾಮಿಲ್ ಎಲ್ಲ ಆ ಕಂಪನಿಯ ಆಸ್ತಿ. ಒಬ್ಬೊಬ್ಬರ ಕೈಗೂ 3,000 ಡಾಲರ್ ಮುಖಬೆಲೆಯ ಒಂದು ಬಾಂಡು, ಷೇರಿನ ಒಂದು ಕಾಗದ. ತಾವು ಹುಟ್ಟಿ ಬೆಳೆದ ಮನೆಯ ಅಡಿಯ ನೆಲವನ್ನು ಕಂಪನಿಯಿಂದ ಕೊಳ್ಳಲು ಎಷ್ಟೋ ಜನ ಅದೇ ಬಾಂಡನ್ನು ವಾಪಸ್ ಕೊಟ್ಟರು. ಆಸ್ಪತ್ರೆ ಮುಚ್ಚಿತು. ಕ್ಷಯ ಹಬ್ಬಿತು. ತೆರಿಗೆ ಕಟ್ಟಲು ದುಡ್ಡಿಲ್ಲದೆ ಕಂಪನಿ ಕೆರೆಗಳ ಸುತ್ತಲಿನ ಜಾಗವನ್ನು ಸೈಟು ಮಾಡಿ ಪಟ್ಟಣದವರಿಗೆ ಮಾರತೊಡಗಿತು. ಲೆಜೆಂಡ್ ಲೇಕ್ ಅಂತ ಆ ಬಡಾವಣೆ ಈಗಲೂ ಇದೆ. ಅಂದವಾದ ಮನೆಗಳು, ಒಂದೊಂದಕ್ಕೂ ದೋಣಿ ಕಟ್ಟುವ ಅಟ್ಟಣಿಗೆ. ಅದರ ಪಕ್ಕದಲ್ಲಿ ಹಾದುಹೋಗುವಾಗ ನಾವಿಬ್ಬರೂ ಮಾತಾಡಲಿಲ್ಲ.

ಅದನ್ನು ನಿಲ್ಲಿಸಿದವರಲ್ಲಿ ಮುಖ್ಯವಾದವರು ಏಡಾ ಡೀರ್. ವುಲ್ಫ್ ನದಿಯ ದಡದ ಒಂದೇ ಕೋಣೆಯ ಮರದ ಮನೆಯಲ್ಲಿ ಬೆಳೆದ ಹೆಣ್ಣುಮಗಳು. 1971ರಲ್ಲಿ ಜನ ರಾಜಧಾನಿ ಮ್ಯಾಡಿಸನ್‌ವರೆಗೂ ನಡೆದುಕೊಂಡು ಹೋದರು. 1973ರ ಡಿಸೆಂಬರ್ 22ಕ್ಕೆ ಅಧ್ಯಕ್ಷ ನಿಕ್ಸನ್ ಸಹಿ ಹಾಕಿ ಬುಡಕಟ್ಟನ್ನು ಮತ್ತೆ ಒಪ್ಪಿಕೊಂಡರು. ಆಮೇಲೆ ಇವರು ತಮ್ಮದೇ ಕ್ಲಿನಿಕ್ ಕಟ್ಟಿದರು, 1993ರಲ್ಲಿ ತಮ್ಮದೇ ಕಾಲೇಜು. ಮಾತು ಮಾತ್ರ ಕೈಜಾರುತ್ತಿದೆ. ಬೋರ್ಡಿಂಗ್ ಶಾಲೆಗಳಲ್ಲಿ ಹೊಡೆದು ಬಿಡಿಸಿದ ಭಾಷೆ. ಹುಟ್ಟಿನಿಂದ ಆಡಿದವರು ಬೆರಳೆಣಿಕೆಯಷ್ಟು ಹಿರಿಯರು. ಈಗ ಶಿಶುವಿಹಾರದಲ್ಲಿ ಪುಟ್ಟ ಮಕ್ಕಳ ಜೊತೆ ಬರೀ ಮೆನಾಮಿನಿಯಲ್ಲೇ ಮಾತಾಡಿ ಕಲಿಸುತ್ತಿದ್ದಾರೆ.

ಮುಂದಿನ ಮಾರ್ಚ್‌ನಲ್ಲಿ ಅರ್ಮೇನಿಯಕ್ಕೆ ಹೋದೆ. ಅದಕ್ಕೂ ಇದಕ್ಕೂ ಸಂಬಂಧ ಇರುತ್ತದೆ ಅಂತ ಹೊರಡುವಾಗ ಅಂದುಕೊಂಡಿರಲಿಲ್ಲ. ನಮ್ಮ ಅಕ್ಕನ ಮಗಳು ಅಲ್ಲಿನ ರಾಜಧಾನಿ ಯೆರೆವಾನ್‌ನಲ್ಲಿ ಡಾಕ್ಟರ್ ಓದುತ್ತಿದ್ದಾಳೆ. ಅಲ್ಲಿ ನಮ್ಮ ದೇಶದ ಹುಡುಗ ಹುಡುಗಿಯರು ತುಂಬಾ ಇದ್ದಾರೆ. ಅವಳನ್ನು ನೋಡಿಕೊಂಡು ಬರೋಣ ಅಂತ ಹೋದದ್ದು. ಅವಳ ಗೆಳತಿಯ ಅಜ್ಜಿ ವನಾಡ್ಜೋರ್ ಎಂಬ ಊರಿನಲ್ಲಿದ್ದರು. "ಚಿಕ್ಕಮ್ಮ, ಎರಡು ದಿನ ಅಲ್ಲಿ ಇದ್ದು ಬರೋಣ," ಎಂದಳು.

ಮಾರ್ಶ್ರುತ್ಕಾ ಅಂದರೆ ನಮ್ಮ ಮ್ಯಾಕ್ಸಿಕ್ಯಾಬ್ ಥರ. ಎರಡು ಗಂಟೆ ದಾರಿ. ಬೋಳು ಗುಡ್ಡ, ಹಿಮ, ಮತ್ತೆ ಬೋಳು ಗುಡ್ಡ. ದಾರಿಯಲ್ಲಿ ಅರ್ಮೇನಿಯನ್ ಅಕ್ಷರಗಳನ್ನು ಆಳೆತ್ತರದ ಕಲ್ಲಿನಲ್ಲಿ ಕೆತ್ತಿ ನಿಲ್ಲಿಸಿದ್ದಾರೆ. ಮೆಸ್ರೋಪ್ ಮಾಷ್ಟೋತ್ಸ್ 405ರಲ್ಲಿ ರೂಪಿಸಿದ ಲಿಪಿ. ಒಂದು ಮಗು ತನ್ನ ಹೆಸರಿನ ಮೊದಲ ಅಕ್ಷರವನ್ನು ತಬ್ಬಿಕೊಂಡು ಫೋಟೋ ತೆಗೆಸಿಕೊಳ್ಳುತ್ತಿತ್ತು. ಕೆಶೀನಾದ ಶಿಶುವಿಹಾರ ನೆನಪಾಯಿತು. ಸ್ಪಿತಾಕ್ ಬಂದಾಗ ಡ್ರೈವರ್ ಹಾಡು ನಿಲ್ಲಿಸಿದ. 1988ರ ಡಿಸೆಂಬರ್ 7ರ ಭೂಕಂಪ ಈ ಊರನ್ನು ನೆಲಸಮ ಮಾಡಿತು. ಸುತ್ತಮುತ್ತ 25 ಸಾವಿರ ಜನ ಸತ್ತರು.

ಅಜ್ಜಿಗೆ ಅಲ್ಲಿ ತಾತಿಕ್ ಅನ್ನುತ್ತಾರೆ. ನನ್ನ ಅಕ್ಕನ ಮಗಳೂ "ತಾತಿಕ್ ಜಾನ್" ಅಂತಲೇ ಕರೆದಳು. ಸೋವಿಯತ್ ಕಾಲದ ಅಪಾರ್ಟ್‌ಮೆಂಟಿನ ಮೂರನೇ ಮಹಡಿ. ಒಳಗೆ ಹೋದ ತಕ್ಷಣ ಮೇಜಿನ ತುಂಬ ಲವಾಶ್ ರೊಟ್ಟಿ, ಚೀಸು, ಉಪ್ಪಿನಲ್ಲಿ ಹಾಕಿದ ತರಕಾರಿ. ನೆಲಕ್ಕೆ ಮರದ ಪಟ್ಟಿಗಳನ್ನು ಜಡೆಯ ಹಾಗೆ ಹೆಣೆದು ಕೂರಿಸಿದ್ದರು. ಎಷ್ಟು ಚೆಂದ ಅಂದರೆ ಕಾಲಿಡಲು ಮನಸ್ಸು ಬರಲಿಲ್ಲ. ಒಳಗಿನ ಕೋಣೆಗೆ ಹೋದರೆ ಬರೀ ಸಿಮೆಂಟು. ಗೋಡೆಯ ಅಂಚಿನಲ್ಲಿ ಮಾತ್ರ ಅದೇ ಮರದ ಎರಡು ಪಟ್ಟಿ, ಕಿತ್ತ ಕಡೆ ಕಬ್ಬಿಣದ ಸಲಾಕೆಯ ಗಾಯ. ನಾನು ನೋಡಿದ್ದನ್ನು ತಾತಿಕ್ ಗಮನಿಸಿದರು. "93ರ ಚಳಿಗಾಲ," ಎಂದರು. "ಆ ಕೋಣೆ ಸುಟ್ಟು ಈ ಕೋಣೆಯಲ್ಲಿ ಬದುಕಿದೆವು."

ಅವರು ಅಲ್ಲಿನ ರಾಸಾಯನಿಕ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದವರು. ಭೂಕಂಪದ ಭಯಕ್ಕೆ 1989ರಲ್ಲಿ ಮೆತ್ಸಾಮೋರ್ ಅಣು ವಿದ್ಯುತ್ ಸ್ಥಾವರ ಮುಚ್ಚಿದರು. 1991ರಲ್ಲಿ ದೇಶ ಸ್ವತಂತ್ರವಾಯಿತು. ಕರಾಬಾಖ್ ಎಂಬ ಪ್ರದೇಶಕ್ಕಾಗಿ ನಡೆದ ಯುದ್ಧದಿಂದಾಗಿ ನೆರೆಯ ಅಜರ್‌ಬೈಜಾನ್ ರೈಲು, ಗ್ಯಾಸು ನಿಲ್ಲಿಸಿತು. 1993ರಲ್ಲಿ ಟರ್ಕಿಯೂ ಗಡಿ ಮುಚ್ಚಿತು. ಅದು ಇಷ್ಟು ವರ್ಷ ಮುಚ್ಚಿಕೊಂಡೇ ಇದೆ. ದಿನಕ್ಕೆ ಒಂದೆರಡು ಗಂಟೆ ಕರೆಂಟು. ಜನ ಪುಸ್ತಕ ಸುಟ್ಟರು, ಕುರ್ಚಿ ಸುಟ್ಟರು, ಪಾರ್ಕಿನ ಮರ ಕಡಿದರು, ಆಮೇಲೆ ಗುಡ್ಡದ ಕಾಡಿಗೆ ಹೋದರು. 1995ರಲ್ಲಿ ಮೆತ್ಸಾಮೋರ್ ಮತ್ತೆ ಶುರುವಾಗುವ ತನಕ ಹೀಗೇ ನಡೆಯಿತು. ಈಗ ದೇಶದ ನೆಲದಲ್ಲಿ ಕಾಡು ಸುಮಾರು ಹತ್ತರಲ್ಲಿ ಒಂದು ಪಾಲು ಅಷ್ಟೇ.

ಕಾರ್ಖಾನೆ ಏನಾಯಿತು ಅಂತ ಕೇಳಿದೆ. ತಾತಿಕ್ ಎದ್ದು ಬೀರುವಿನಿಂದ ಒಂದು ತಗಡಿನ ಡಬ್ಬಿ ತಂದರು. ಅದರಲ್ಲಿ ಹಳೆಯ ಫೋಟೋಗಳು. ಕಾರ್ಖಾನೆಗಳು ಸರ್ಕಾರದ ಕೈಯಿಂದ ಹೋಗುವಾಗ ಜನರಿಗೆಲ್ಲ ಪಾಲಿನ ಸರ್ಟಿಫಿಕೇಟು ಹಂಚಿದರಂತೆ. ಇವರ ಮನೆಗೂ ಬಂತು. ಹಿಟ್ಟಿಗೂ ಸೀಮೆಎಣ್ಣೆಗೂ ಮಾರಿಬಿಟ್ಟರು. "ಮೆಷಿನ್‌ಗಳನ್ನು ತೂಕಕ್ಕೆ ಹಾಕಿದರು," ಎಂದರು. ಒಂದೂವರೆ ಲಕ್ಷದ ಹತ್ತಿರ ಜನ ಇದ್ದ ಊರಲ್ಲಿ ಈಗ ಅದರ ಅರ್ಧದಷ್ಟು ಇದ್ದಾರೆ.

ನನಗೆ ಕೆಶೀನಾದ ಬಾಂಡು ಕಣ್ಣೆದುರು ಬಂತು. ಎರಡು ಕಡೆಯೂ ಒಂದೇ ಕೆಲಸ ನಡೆದಿದೆ. ಎಲ್ಲರದೂ ಆಗಿದ್ದ ಒಂದು ದೊಡ್ಡ ವಸ್ತುವನ್ನು ಕಾಗದವಾಗಿ ಹರಿದು ಹಂಚಿದ್ದಾರೆ, ಅದೂ ಹಸಿವು ಬಾಗಿಲಿಗೆ ಬಂದ ಹೊತ್ತಿಗೆ. ಹಸಿದವರು ಕಾಗದ ಮಾರುತ್ತಾರೆ. ಅವರ ತಪ್ಪು ಏನಿದೆ ಅದರಲ್ಲಿ? ವ್ಯತ್ಯಾಸವೂ ಇದೆ, ಅದನ್ನು ಹೇಳಲೇಬೇಕು. ಅರ್ಮೇನಿಯನ್ನರಿಗೆ ದೇಶ ಇದೆ, ಪಾಸ್‌ಪೋರ್ಟ್ ಇದೆ, ಎಲ್ಲ ಮಕ್ಕಳೂ ತಮ್ಮ ಭಾಷೆಯಲ್ಲೇ ಓದುತ್ತಾರೆ, ಶಾಲೆಯಲ್ಲಿ ಚೆಸ್ ಕೂಡ ಒಂದು ಪಾಠ. ದೇಶದ ಒಳಗಿರುವವರಿಗಿಂತ ಜಾಸ್ತಿ ಅರ್ಮೇನಿಯನ್ನರು ಹೊರಗಿದ್ದಾರೆ, ಅವರು ಹಣ ಕಳಿಸುತ್ತಾರೆ. ಮೆನಾಮಿನಿಗಳಿಗೆ ಹಾಗೆ ಕಳಿಸುವ ದೊಡ್ಡ ಬಳಗ ಇಲ್ಲ. ಒಟ್ಟು ಸೇರಿದರೆ ಒಂಬತ್ತು ಸಾವಿರದ ಹತ್ತಿರ ಇರುವ ಜನ. ಆದರೆ ಅವರು 1975ರ ಹೊತ್ತಿಗೆ ಕಾಡನ್ನು ವಾಪಸ್ ಎಲ್ಲರ ಹೆಸರಿಗೆ ತಂದುಕೊಂಡರು. ವನಾಡ್ಜೋರ್‌ನ ಕಾರ್ಖಾನೆಯನ್ನು ಯಾರ ಹೆಸರಿಗೆ ತರುವುದು?

ಸಂಜೆ ತಾತಿಕ್‌ರ ಮಗನ ಫೋನು ಬಂತು. ಅವರು ರಷ್ಯಾದಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದರು. ಹೀಗೆ ವರ್ಷಕ್ಕೆ ಎಂಟು ಹತ್ತು ತಿಂಗಳು ದುಡಿಯಲು ಹೋಗುವುದಕ್ಕೆ ಅಲ್ಲಿ ಖೋಪಾನ್ ಅನ್ನುತ್ತಾರೆ. ಫೋನಿನಲ್ಲಿ ಮೊದಲ ಪ್ರಶ್ನೆ ಗ್ಯಾಸ್ ಬಿಲ್ ಎಷ್ಟು ಬಂತು ಅಂತ. ಆಮೇಲೆ ಮಗಳ ಓದು.

ಮಾರನೇ ದಿನ ಹೊರಡುವ ಮೊದಲು ನನ್ನ ಮೊಬೈಲಿನಲ್ಲಿದ್ದ ಮೆನಾಮಿನಿ ಕಾಡಿನ ಫೋಟೋ ತೋರಿಸಿದೆ. ಅಕ್ಕನ ಮಗಳು ಅರ್ಮೇನಿಯನ್‌ನಲ್ಲಿ ವಿವರಿಸಿ ಹೇಳಿದಳು. ತಾತಿಕ್ ಕನ್ನಡಕ ಹಾಕಿಕೊಂಡು ಒಂದೊಂದಾಗಿ ನೋಡಿದರು. ಬಣ್ಣದ ಮಚ್ಚೆ ಇದ್ದ ಬುಡ ಬಂದಾಗ ನಿಂತರು. ಇದು ಏನು ಅಂತ ಕೇಳಿದರು. ಫಾರೆಸ್ಟರ್ ಹೇಳಿದ್ದನ್ನೇ ಹೇಳಿದೆ.

ಅವರು ಎದ್ದು ನನ್ನ ಕೈ ಹಿಡಿದು ಕಿಟಕಿಯ ಹತ್ತಿರ ಕರೆದುಕೊಂಡು ಹೋದರು. ಕೆಳಗೆ ಅಂಗಳದಲ್ಲಿ ಹಿಮ ಕರಗುತ್ತಿತ್ತು. ನಡುವೆ ಒಂದು ದಪ್ಪ ಮರದ ಬುಡ, ಕೂತು ಕೂತು ಮೇಲ್ಭಾಗ ನುಣುಪಾಗಿತ್ತು. ಆಕ್ರೋಟಿನ ಮರ. ಆ ಕಟ್ಟಡದವರೆಲ್ಲ ಸೇರಿ ನೆಟ್ಟಿದ್ದಂತೆ.

"ಇದನ್ನು ನನ್ನ ಗಂಡ ಮತ್ತು ಪಕ್ಕದ ಮನೆಯವರು ಕಡಿದರು," ಎಂದರು ತಾತಿಕ್. "ಜನವರಿ ತಿಂಗಳು. ರಾತ್ರಿ ಹೊತ್ತು. ಬೆಳಿಗ್ಗೆ ಎಲ್ಲ ಮನೆಗೂ ಒಂದೊಂದು ತುಂಡು ಹಂಚಿದರು."

ಮಾರ್ಶ್ರುತ್ಕಾ ಹೊರಡಲು ಇನ್ನೂ ಅರ್ಧ ಗಂಟೆ ಇತ್ತು. ನಾವು ಮೂವರೂ ಕೆಳಗೆ ಇಳಿದು ಆ ಬುಡದ ಮೇಲೆ ಸ್ವಲ್ಪ ಹೊತ್ತು ಕೂತೆವು.